ವೆಲ್ಡಿಂಗ್ ಕಿಡಿಗೆ ಕೂಡಿದ ಹಾಳೆಗಳು

ಅದರ ಹೆಸರು ವಿದ್ಯುತ್... ವಿದ್ಯುತ್ ಏನೋ. ಊರು ಬಿಟ್ಟು ಮೈಸೂರಿಗೆ ಬಂದ ಮೇಲೆ ಮರೆತೇಬಿಟ್ಟೆ. ಐನಾಪುರದಲ್ಲಿ ನಾನು ವಿಜ್ಞಾನ ಕಲಿಸುವಾಗ ನಮ್ಮ ಹುಡುಗಿಯರು ಮಾಡಿದ್ದು: ಬಾಟಲಿಯೊಳಗೆ ಎರಡು ತೆಳು ಲೋಹದ ಹಾಳೆ, ಮೇಲೆ ಅವಕ್ಕೆ ತಂತಿಯಿಂದ ಜೋಡಿಸಿದ, ಉಜ್ಜಿದ ಸತುವಿನ ತಗಡು. ತಲೆಗೆ ತಿಕ್ಕಿದ ಬಾಚಣಿಗೆಯನ್ನು ತಗಡಿಗೆ ತಾಗಿಸಿದರೆ ಹಾಳೆಗಳು ಅಗಲುತ್ತಿದ್ದವು. ತಗಡಿನ ಮೇಲೆ ಬೆಳಕು ಬಿದ್ದಾಗ ಅವು ಮತ್ತೆ ಕೂಡಿದರಷ್ಟೇ ಚಿಕ್ಕೋಡಿಯ ಪ್ರದರ್ಶನಕ್ಕೆ ಕಳಿಸುವುದಾಗಿ ಹೆಡ್‌ಮಾಸ್ತರರು ಹೇಳಿದ್ದರು.

ಟ್ರ್ಯಾಕ್ಟರಿನ ಲೈಟು ಹಾಯಿಸಿದೆವು. ಹಾಳೆಗಳು ಅಲುಗಲಿಲ್ಲ.

“ಇಷ್ಟ ಬೆಳಕಿಗೆ ಆಗ್ಲಾರದ್ದು ಇನ್ಯಾವುದಕ್ಕ ಆಗತೈತ್ರಿ ಅಕ್ಕೋರ?” ಎಂದು ಹೆಡ್‌ಮಾಸ್ತರರು ನಕ್ಕರು.

“ಬೆಳಕು ಕಾಳುಕಾಳಾಗಿ ಬರತೈತ್ರಿ ಸರ್. ಈ ಕಾಳಿಗೆ ಕಸುವಿಲ್ಲ, ಎಷ್ಟ ಸುರಿದ್ರೂ ಅಷ್ಟ. ವೆಲ್ಡಿಂಗ್ ಕಿಡಿಯ ಕಾಳಿಗೆ ಕಸುವೈತಿ,” ಎಂದೆ. ಅಲ್ಲೇ ಕಬ್ಬಿನ ಟ್ರಾಲಿ ರಿಪೇರಿ ಮಾಡುತ್ತಿದ್ದ ವೆಲ್ಡರನಿಗೆ ಕಿಡಿ ಹಚ್ಚಲು ಹೇಳಿದೆ.

ಚರ್ರೆಂದಿತು. ನಾವೆಲ್ಲ ಕಿಡಿಗೆ ಬೆನ್ನು ಮಾಡಿ ನೋಡುತ್ತಿದ್ದಂತೆ ಹಾಳೆಗಳು ಕೂಡಿದವು! ಹುಡುಗಿಯರು ಕೇಕೆ ಹಾಕಿದರು.

“ಇನ್ನೊಮ್ಮೆ ತೋರಸ್ರಿ,” ಎಂದರು ಹೆಡ್‌ಮಾಸ್ತರರು. ಅವರು ಹೆದರಿ ಕಣ್ಣು ಮುಚ್ಚಿದ್ದರು.

ಮತ್ತೆ ಬಾಚಣಿಗೆ ತಾಗಿಸಿ ಅಗಲಿಸಿದೆವು; ಇನ್ನೊಮ್ಮೆಯೂ ಕೂಡಿದವು. ನಾವು ಚಿಕ್ಕೋಡಿಗೆ ಹೋದೆವು.

ಹಾಂ, ವಿದ್ಯುದ್ದರ್ಶಕ! ಬರಕೋ ಮೊಮ್ಮಗಳೇ. ಹೆಡ್‌ಮಾಸ್ತರರು ಕಣ್ಣು ಮುಚ್ಚಿದ್ದನ್ನೂ ಬರಿ.