ತಿಕ್ಕಿ ತೊಳೆದ ತೊಟ್ಟಿಗಳು

ಮೀನುಮರಿ ಸಾಕುವ ಕೇಂದ್ರದಲ್ಲಿ ನಮ್ಮ ಯಜಮಾನರಿಗೆ ಎಲ್ಲರೂ ಇಟ್ಟ ಹೆಸರು ಪಾಚಿಯಪ್ಪ. ಹೆಸರಿಗೆ ತಕ್ಕ ಕೆಲಸವೇ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನು ತೊಟ್ಟಿ ನೀರಿನಲ್ಲಿ ಬೆಳೆಸಬೇಕು. ಮೊಟ್ಟೆಯೊಡೆದು ಬಂದ ಮರಿಗಳಿಗೆ ಮೊದಲ ತುತ್ತು ಅದೇ. ನೋಡುವವರಿಗೆ ಬರೀ ಹಸಿರು ನೀರು, ಇವರಿಗೆ ಮಾತ್ರ "ನಮ್ಮ ಹುಡುಗರು". ನಾನು ಹೆತ್ತ ಇಬ್ಬರಿಗೆ ಒಮ್ಮೆಯಾದರೂ ತಲೆ ಬಾಚಿದವರಲ್ಲ, ಆ ಹುಡುಗರಿಗೆ ಗಾಳಿ ಸಾಕಾಯಿತೋ ಇಲ್ಲವೋ ಎಂದು ಭಾನುವಾರವೂ ಓಡುತ್ತಾರೆ!

ಸಾಲದ್ದಕ್ಕೆ ಶುಚಿಯ ಹುಚ್ಚು ಬೇರೆ. ನಾನು ತೊಳೆದಿಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಇನ್ನೊಮ್ಮೆ ತೊಳೆಯುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. "ಹಾಗಾದ್ರೆ ಇಡೀ ರಾಶಿ ನೀವೇ ತೊಳೀರಿ" ಎಂದರೆ ಮಾತ್ರ ಕಿವಿ ಕೇಳಿಸುವುದಿಲ್ಲ. ಕೇಂದ್ರದಲ್ಲಿರುವುದು ಬಿಸಿಲಿಗೆ ಹಳತಾದ ನೀಲಿ ಪ್ಲಾಸ್ಟಿಕ್ ತೊಟ್ಟಿಗಳು. ಪ್ರತಿ ಸಲ ನೀರು ತುಂಬುವ ಮೊದಲು ಗಡುಸು ಬ್ರಷ್ ಹಿಡಿದು ಅವುಗಳ ಚರ್ಮ ಸುಲಿಯುವಂತೆ ತಿಕ್ಕುತ್ತಿದ್ದರು.

ಈ ಸಲ ಹಸಿರು ನೀರು ಬಿಳಿಚಿಕೊಳ್ಳತೊಡಗಿತು. ಮೊದಲು ಒಂದು ತೊಟ್ಟಿ, ಆಮೇಲೆ ಎಲ್ಲವೂ. ಇವರು ಗಾಳಿಯ ಪಂಪು ಬದಲಾಯಿಸಿದರು, ದೀಪ ಬದಲಾಯಿಸಿದರು, ಯಾವುದೂ ನಾಟಲಿಲ್ಲ. ಕೊಳೆಯೇ ಕಾರಣವೆಂದು ಇನ್ನೂ ಜೋರಾಗಿ ತಿಕ್ಕಿದರು. ಕೇಂದ್ರದ ಮಾಲಕಿ ಬಂದು ನೋಡಿ ಹೇಳಿದರು, "ಮರಿ ಬರೋ ಹೊತ್ತಿಗೆ ಪಾಚಿ ಸಿಗದಿದ್ರೆ ಇನ್ಮೇಲೆ ಪುಡಿ ಆಹಾರ ತರಿಸ್ತೀನಿ. ಈ ಪಾಚಿ ಕೋಣೆ ಮುಚ್ಚಿಬಿಡೋಣ."

ಅಂದಿನಿಂದ ಇವರಿಗೆ ಊಟ ಸೇರಲಿಲ್ಲ. "ಏನ್ರೀ, ನನ್ನ ಸವತಿ ಮಕ್ಕಳಿಗೆ ಹುಷಾರಿಲ್ವಾ?" ಎಂದು ಕೆಣಕಿದೆ. ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಹೋದರು. ಆಗ ನನಗೆ ದಿಗಿಲಾಯಿತು.

ಮಾರನೆಯ ದಿನ ಕೇಂದ್ರಕ್ಕೆ ಬುತ್ತಿ ಒಯ್ದಾಗ ನೀರು ಪರೀಕ್ಷೆ ಮಾಡುವ ಹುಡುಗಿ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದಳು. ನಾನೂ ಬಗ್ಗಿ ನೋಡಿದೆ. ಹಸಿರು ಕಣಗಳ ನಡುವೆ ನೀಲಿ ಸಿಪ್ಪೆಯಂಥ ಚೂರುಗಳು.

"ಪಾಚಿ ಈ ಚೂರುಗಳಿಗೆ ಅಂಟ್ಕೊಂಡು ತಳ ಸೇರ್ತಿದೆ ಸಾರ್. ಅಲ್ಲಿ ಬೆಳಕು ಸಾಲಲ್ಲ. ಹಳೇ ಪ್ಲಾಸ್ಟಿಕ್ ಬಿಡೋ ವಿಷಾನೂ ಸೇರಿರಬಹುದು. ಇಷ್ಟೊಂದು ಚೂರು ಎಲ್ಲಿಂದ ಬಂತು?"

ಇವರು ತೊಟ್ಟಿ ನೋಡಿದರು, ಕೈಯಲ್ಲಿದ್ದ ಬ್ರಷ್ ನೋಡಿದರು. ಅದರ ಬುಡದಲ್ಲಿ ನೀಲಿ ಪುಡಿ ಮೆತ್ತಿತ್ತು.

"ನಾನೇ ಕಣಮ್ಮ," ಎಂದರು. "ಚೆನ್ನಾಗಿರ್ಲಿ ಅಂತ ತಿಕ್ಕಿ ತಿಕ್ಕಿ ಈ ಚೂರನ್ನ ನಾನೇ ಉಣ್ಣಿಸ್ದೆ."

ಹಂಗಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೆ ನನಗೆ ಅಳು ಬಂತು.

ಪರೀಕ್ಷೆಯ ಕೋಣೆಯಲ್ಲಿ ಗಾಜಿನ ಸೀಸೆಯೊಳಗೆ ಒಂದಿಷ್ಟು ಮೂಲ ಪಾಚಿ ಸುರಕ್ಷಿತವಾಗಿತ್ತು. ಅದನ್ನು ಬೆಳೆಸಲು ಇವರು ಮನೆಗೆ ಬಂದು ನನ್ನ ಗಾಜಿನ ಜಾಡಿಗಳನ್ನೆಲ್ಲ ಬರಿದು ಮಾಡಿದರು. ಸಕ್ಕರೆ ಒಂದು ಕಡೆ, ಬೇಳೆ ಒಂದು ಕಡೆ, ಅಡುಗೆಮನೆ ಸಂತೆಯಾಯಿತು. ಕೂಗಾಡಿದೆ, ಆಮೇಲೆ ಹತ್ತಿಬಟ್ಟೆಯಲ್ಲಿ ನಾನೇ ತೊಳೆದುಕೊಟ್ಟೆ. ಇವರು ಬೆನ್ನ ಹಿಂದೆ ನಿಂತು, "ತಳದಲ್ಲಿ ಸ್ವಲ್ಪ ಉಳೀತು ಕಣೆ" ಎಂದರು.

"ಬಾಯ್ಮುಚ್ಕೊಂಡು ನಿಂತ್ಕೊಳ್ರಿ!"

ಜಾಡಿಗಳಲ್ಲಿ ನೀರು ಹಸಿರೇರುವಷ್ಟರಲ್ಲಿ ಎರಡು ತೊಟ್ಟಿ ತುಂಬ ಮರಿಗಳು ಬಂದೇಬಿಟ್ಟವು. ಇದ್ದಷ್ಟು ಪಾಚಿ ಎಲ್ಲಕ್ಕೂ ಸಾಲಲಿಲ್ಲ. ಎರಡನೆಯ ತೊಟ್ಟಿಯ ಮರಿಗಳು ಉಳಿಯಲಿಲ್ಲ. ಮೊದಲನೆಯದರಿಂದ ಒಂದು ಮರಿಯನ್ನು ಲೋಟದಲ್ಲಿ ಎತ್ತಿ ಇವರು ಭೂತಗನ್ನಡಿ ಹಿಡಿದರು. ಮರಿಯ ಮೈ ನೀರಿನಷ್ಟೇ ತಿಳಿ, ತಿಂದದ್ದು ಹೊರಗಿನಿಂದಲೇ ಕಾಣುತ್ತದೆ. ಹೊಟ್ಟೆಯಲ್ಲಿ ದಾರದೆಳೆಯಷ್ಟು ಹಸಿರಿತ್ತು.

"ಉಂಡಿದೆ ಕಣೆ!"

ಮಾಲಕಿಯೂ ಬಗ್ಗಿ ನೋಡಿದರು. "ಕೋಣೆ ಇರ್ಲಿ ಬಿಡಿ. ಗಾಜಿನ ತೊಟ್ಟಿ ತರಿಸ್ತೀನಿ, ಆದ್ರೆ ಆ ಬ್ರಷ್ ನನಗೆ ಕೊಟ್ಬಿಡಿ," ಎಂದರು. ಎಲ್ಲರೂ ನಕ್ಕರು.

ಇವರು ಮಾತ್ರ ನಗಲಿಲ್ಲ. ಖಾಲಿಯಾದ ಎರಡನೆಯ ತೊಟ್ಟಿಯ ಹತ್ತಿರ ಹೋಗಿ ನಿಂತರು. ನಾನು ಪಕ್ಕಕ್ಕೆ ಹೋದಾಗ ಮೆಲ್ಲಗೆ, "ಇವು ಹಸ್ಕೊಂಡೇ ಹೋದ್ವಲ್ಲೇ" ಎಂದರು.

ನಾನು ಅವರ ಕೈ ಹಿಡಿದುಕೊಂಡೆ. ಎಲ್ಲರೂ ನೋಡುತ್ತಿದ್ದರು. ನೋಡಲಿ.