ಪೆಲೆನಾಟೊವಿನ ದವಡೆ

ನನ್ನ ಮೈದುನ ಪೆಲೆನಾಟೊ ಜನರ ಹಲ್ಲು ಉದುರಿಸುವುದರಲ್ಲೇ ಹೆಸರು ಮಾಡಿದವನು. ಸವಾಯಿ ದ್ವೀಪದಲ್ಲಿ ನಮ್ಮ ಕಡೆಯ ಊರುಗಳಲ್ಲಿ ಅವನ ಕೈಯ ರುಚಿ ನೋಡದ ಗಂಡಸರು ಕಡಿಮೆ. ನನ್ನ ಗಂಡ ಅವನ ಸ್ವಂತ ಅಣ್ಣ, ಆ ಅಣ್ಣನ ಮುಂಗೈಯನ್ನೂ ಇವನು ಮುರಿದಿದ್ದ. ಕೊನೆಗೆ ರಗ್ಬಿ ಆಟದ ಜಗಳವೊಂದರಲ್ಲಿ ಒಬ್ಬನ ಕಣ್ಣು ತೆಗೆದು ಜೈಲಿಗೆ ಹೋದ. ಅಲ್ಲಿಯ ಕಚೇರಿಯ ಕೆಟ್ಟ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿತು ಬಂದ.

ಬಂದ ದಿನವೇ ಅವನ ಸೋದರತ್ತೆ ಫುವಾಟಿನೊ ಅವನ ಎರಡೂ ಕೈ ಹಿಡಿದುಕೊಂಡಳು. "ಇನ್ನೊಬ್ಬನ ಮೈ ಮುಟ್ಟಿದ್ರೆ ಈ ಮನೇಲಿ ನಿಂಗೆ ಊಟ ಇಲ್ಲ ಕಣೋ."

ನಮ್ಮಲ್ಲಿ ಅಪ್ಪನ ಅಕ್ಕನ ಮಾತು ಮೀರುವವರಿಲ್ಲ. ಅವನು ತಲೆಯಾಡಿಸಿದ. ನಾನು ನಂಬಲಿಲ್ಲ. ಆದರೆ ಮಹರಾಯ ಮಾತು ಉಳಿಸಿಕೊಂಡ. ನನ್ನ ಅಂಗಡಿಯ ಪಕ್ಕದಲ್ಲಿ ಮೇಜು ಹಾಕಿಕೊಂಡು ಊರಿನ ಫೋನು, ಲ್ಯಾಪ್‌ಟಾಪುಗಳನ್ನೆಲ್ಲ ರಿಪೇರಿ ಮಾಡತೊಡಗಿದ.

ಅಲ್ಲಿಗೆ ಒಂದು ದಿನ ತುಯಿಲೋಮಾ ಬಂದ. ಆನೆಯಂಥ ಆಳು, ಸೊಂಟದಲ್ಲಿ ಯಾವಾಗಲೂ ತೋಟದ ಕತ್ತಿ. ಅವನ ಒಬ್ಬನೇ ಮಗ ಸೆಮಿಸಿ ಕರಿಬಂಡೆಯ ಮೇಲೆ ನಿಂತು ಗಾಳ ಹಾಕುತ್ತಿದ್ದಾಗ ಅಲೆ ಎಳೆದುಕೊಂಡು ಹೋಗಿತ್ತು. ಹೆಣ ಸಿಗಲಿಲ್ಲ. ಎಲ್ಲರ ಮನೆಯ ಮುಂದೆಯೂ ಅವರವರ ಸತ್ತವರ ಗೋರಿ ಇರುವ ಊರಿನಲ್ಲಿ ಇವನ ಅಂಗಳ ಬರಿದಾಗಿತ್ತು. ಉಳಿದಿದ್ದು ಮಗನ ಲ್ಯಾಪ್‌ಟಾಪು, ಅದರೊಳಗೆ ಮಗ ತೆಗೆದ ವಿಡಿಯೋಗಳು. ತುಯಿಲೋಮಾ ಅದನ್ನು ಕೂಸಿನಂತೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ.

"ಪೆಲೆ, ಇದು ಸಾಯ್ತಾ ಇದೆ ಕಣೋ. ಆನ್ ಆಗೋಷ್ಟ್ರಲ್ಲಿ ತೆಂಗಿನಕಾಯಿ ಸುಲಿದು, ತುರಿದು, ಹಾಲು ಹಿಂಡಿ ಮುಗಿಸಬಹುದು."

"ವೈರಸ್ ತುಂಬ್ಕೊಂಡಿದೆ ಯಜಮಾನ್ರೆ. ಹಳೇ ಸಿಸ್ಟಮ್ ಹಂಗೇ ಇರಲಿ, ಪಕ್ಕದಲ್ಲಿ ಇನ್ನೊಂದು ಕೂರಿಸ್ತೀನಿ. ಡಿಸ್ಕ್ ಎರಡು ಪಾಲು ಮಾಡಿದ್ರೆ ಆಯ್ತು. ಆನ್ ಮಾಡ್ದಾಗ ಯಾವುದು ಬೇಕು ಅಂತ ಅದೇ ಕೇಳುತ್ತೆ."

"ಪಾಲಾ? ಈ ಊರಲ್ಲಿ ಪಾಲು ಕೇಳ್ದವನ ತಲೆ ಒಡೆದಿದಾರೆ."

"ಅದು ನೆಲಕ್ಕೆ. ಇದಕ್ಕೆ ಯಾರೂ ಒಡೆಯಲ್ಲ."

ತುಯಿಲೋಮಾ ನಕ್ಕ. ಕತ್ತಿಯ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ನಕ್ಕ. "ನನ್ನ ಮಗ ಇರೋ ಪಾಲಲ್ಲಿ ಒಂದು ಕೂದಲು ಅಲ್ಲಾಡಿದ್ರೂ ನಾನು ಒಡೀತೀನಿ."

ತುಯಿಲೋಮಾ ಹೋದ ಮೇಲೆ, ಎಲ್ಲ ಸರಿಯಿದೆಯೇ ಎಂದು ನೋಡಲು ಪೆಲೆನಾಟೊ ಒಂದು ವಿಡಿಯೋ ಹಚ್ಚಿದ. ಸಮುದ್ರದ ದಂಡೆಯಲ್ಲಿ ಅಪ್ಪ ನಿಂತಿದ್ದಾನೆ, ಫೋನಿನ ಹಿಂದಿನಿಂದ ಸೆಮಿಸಿಯ ಕೂಗು: "ಅಪ್ಪಾ, ಹೊಟ್ಟೆ ಒಳಗೆಳ್ಕೋ, ಸಮುದ್ರಾನೇ ಕಾಣಿಸ್ತಿಲ್ಲ!" ಆಮೇಲೆ ಹುಡುಗನ ನಗು. ಅಂಗಡಿಯಲ್ಲಿದ್ದ ನನಗೂ ಕೇಳಿಸಿತು.

ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕಿತ್ತು. ಇವನ ಡಿಸ್ಕನ್ನು ಶಾಲೆಯವರು ಒಯ್ದಿದ್ದರು. ಕಾಯಬೇಕಿತ್ತು, ಕಾಯಲಿಲ್ಲ. ಇಂಥವು ಎಷ್ಟು ಮಾಡಿಲ್ಲ ಎನ್ನುವ ಕೊಬ್ಬು. ಬ್ಯಾಟರಿ ಸತ್ತಿದ್ದ ಆ ಲ್ಯಾಪ್‌ಟಾಪನ್ನು ಮನೆಯೊಳಗಿನ ಪ್ಲಗ್ಗಿಗೆ ಸಿಕ್ಕಿಸಿ ಸಂಜೆಯೊಳಗೆ ಮುಗಿಯುತ್ತದೆ ಎಂದುಕೊಂಡು ಮಧ್ಯಾಹ್ನ ಕೆಲಸ ಶುರು ಮಾಡಿದ. ಹಳೆಯ ಪಾಲನ್ನು ಒತ್ತರಿಸಿ ಹೊಸದಕ್ಕೆ ಜಾಗ ಬಿಡಿಸುವ ಕೆಲಸ, ಮುಗಿಯುವ ತನಕ ಕರೆಂಟು ಹೋಗಕೂಡದು. ಡಿಸ್ಕು ಕಿಕ್ಕಿರಿದು ತುಂಬಿತ್ತು. ಸಂಜೆಯಾದರೂ ಅರ್ಧಕ್ಕೇ ತೆವಳುತ್ತಿತ್ತು.

ಸಂಜೆಯ ಪ್ರಾರ್ಥನೆಗೆ ಶಂಖ ಊದಿದರು. ಶಂಖ ಊದಿದ ಮೇಲೆ ಊರಿನಲ್ಲಿ ಯಾರೂ ಓಡಾಡುವಂತಿಲ್ಲ, ದನಿ ಎತ್ತುವಂತಿಲ್ಲ. ದೊಣ್ಣೆ ಹಿಡಿದ ಹುಡುಗರು ರಸ್ತೆಯಲ್ಲಿ ಕಾವಲು ನಿಲ್ಲುತ್ತಾರೆ. ಹಿಂದೊಮ್ಮೆ ಪ್ರಾರ್ಥನೆಯ ನಡುವೆ ನಮ್ಮ ಟಿವಿ ಅರಚಿ ಹಂದಿಯೊಂದನ್ನು ದಂಡ ತೆತ್ತಿದ್ದೆವು. ಅಂದಿನಿಂದ ಶಂಖ ಕೇಳಿದೊಡನೆ ಅತ್ತೆ ಮೇನ್ ಸ್ವಿಚ್ಚನ್ನೇ ಎಳೆಯುತ್ತಿದ್ದಳು.

ಆ ಸಂಜೆಯೂ ಎದ್ದಳು. ಅವಳ ಕೈ ಗೋಡೆಯತ್ತ ಹೋಗುವುದನ್ನು ಪೆಲೆನಾಟೊ ನೋಡಿದ. "ಬೇಡ ಅತ್ತೆ" ಎಂದು ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಅರ್ಧ ಎದ್ದ, ಬಾಯಿ ತೆರೆದ. ಎಲ್ಲರೂ ಆಗಲೇ ತಲೆ ತಗ್ಗಿಸಿದ್ದರು. ಊರನ್ನೇ ಬಡಿದವನಿಗೆ ಆ ಮೌನ ಒಡೆಯಲು ಧೈರ್ಯ ಬರಲಿಲ್ಲ. ಕೂತುಬಿಟ್ಟ. ಸ್ವಿಚ್ಚು ಬಿತ್ತು, ಪರದೆ ಕಪ್ಪಾಯಿತು. ಪ್ರಾರ್ಥನೆ ಮುಗಿದದ್ದೇ ಓಡಿ ಸ್ವಿಚ್ಚು ಎತ್ತಿ ಲ್ಯಾಪ್‌ಟಾಪಿನ ಮುಂದೆ ಕೂತ.

ಮಾರನೆಯ ಹಗಲೆಲ್ಲ ಏನೇನೋ ಮಾಡಿ ನೋಡಿದ. ವಿಡಿಯೋಗಳ ಹೆಸರುಗಳು ಬಂದವು, ತೆರೆದರೆ ಒಳಗೆ ಏನೂ ಇಲ್ಲ. ಕೊನೆಗೆ ಅವನೇ ಲ್ಯಾಪ್‌ಟಾಪು ಹೊತ್ತುಕೊಂಡು ತುಯಿಲೋಮಾನ ಅಂಗಳಕ್ಕೆ ಹೋದ. ಬೇಡವೆಂದರೂ ನಾನು ಹಿಂದೆ ಹೋದೆ.

ಹೇಳಿ ಮುಗಿಸುವ ಮೊದಲೇ ಕತ್ತಿಯ ಹಿಡಿ ಅವನ ದವಡೆಗೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಪೆಲೆನಾಟೊ ಮಂಡಿಯೂರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಬೆರಳಿಗೆ ಬೆರಳು ಹೆಣೆದು.

"ಹೊಡಿಯೋ! ನಿನ್ನ ಕೈಗೇನಾಗಿದೆ, ಹೊಡಿ!" ತುಯಿಲೋಮಾ ಅರಚಿದ. ಎದೆಗೆ ಒದ್ದ, ಮುಖಕ್ಕೆ ಒದ್ದ. ಕತ್ತಿ ತಿರುಗಿಸಿ ಭುಜಕ್ಕೆ ಬೀಸಿದ. ಮಾಂಸ ಬಾಯಿ ಬಿಟ್ಟಿತು. ಹೆಣೆದ ಬೆರಳು ಮಾತ್ರ ಬಿಚ್ಚಲಿಲ್ಲ. ನಾನು ಬೊಬ್ಬೆಯಿಟ್ಟು ಮೇಲೆ ಬಿದ್ದೆ. ಅಕ್ಕಪಕ್ಕದವರು ಬಂದು ಎಳೆದು ಉಳಿಸಿದರು.

ಮನೆಯಲ್ಲಿ ಅಣ್ಣತಮ್ಮಂದಿರು ಆಗಲೇ ಕತ್ತಿ ಮಸೆಯುತ್ತಿದ್ದರು. "ನಾಳೆ ಆ ಮನೇಲಿ ಒಂದು ಕಂಬಾನೂ ನಿಂತಿರಲ್ಲ," ಎಂದ ನನ್ನ ಗಂಡ. ಸುಳ್ಳು ಯಾಕೆ, ನನಗೂ ಅದೇ ಬೇಕಾಗಿತ್ತು.

ಅತ್ತೆ ಅಟ್ಟದಿಂದ ಮನೆತನದ ನಯವಾದ ಚಾಪೆ ಇಳಿಸಿದಳು. ಅದು ಹೊರಗೆ ಬರುವುದು ಮದುವೆಗೆ, ಸಾವಿಗೆ, ಇಲ್ಲವೇ ಇಫೋಗಕ್ಕೆ, ಅಂದರೆ ತಪ್ಪೊಪ್ಪಿಕೊಂಡು ಚಾಪೆ ಹೊದ್ದು ನೊಂದವರ ಮನೆ ಮುಂದೆ ಕೂರುವುದಕ್ಕೆ.

"ಹೊಡೆಸ್ಕೊಂಡವರು ಇಫೋಗ ಕೂರೋದಾ?" ಗಂಡ ಕಿರುಚಿದ. "ಕೊಲೆ ಮಾಡ್ದೋರು ಹೋಗಿ ತಲೆ ಒಪ್ಪಿಸೋದು ಅದು!"

ಊದಿದ ಬಾಯಿಯಿಂದ ಪೆಲೆನಾಟೊ ಹೇಳಿದ: "ಕೊಂದಿದೀನಲ್ಲ."

"ಸ್ವಿಚ್ಚು ಎಳೆದಿದ್ದು ಈ ಕೈ," ಎಂದಳು ಅತ್ತೆ. "ನಾನೂ ಬರ್ತೀನಿ. ಕತ್ತಿ ಕೆಳಗಿಡ್ರೋ, ಮುಂಡೇವಾ."

ಬೆಳಕು ಹರಿಯುವಾಗ ತುಯಿಲೋಮಾನ ಅಂಗಳದಲ್ಲಿ ಕೂತೆವು. ಮುಂದೆ ಸೌದೆ, ಒಲೆಯ ಕಲ್ಲು, ಬೇಕಾದರೆ ನಮ್ಮನ್ನೇ ಸುಟ್ಟು ತಿನ್ನಿ ಎಂದು. ಚಾಪೆಯಡಿ ಅತ್ತೆ, ಪೆಲೆನಾಟೊ, ಅವನ ತಲೆ ನೆಟ್ಟಗೆ ಹಿಡಿದುಕೊಂಡು ನಾನು. ಮನೆಯ ಯಜಮಾನ ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಏನು ಮಾಡಿದರೂ ಕೇಳುವವರಿಲ್ಲ.

ಮೊದಲು ಬಂದದ್ದು ತುಯಿಲೋಮಾನ ನೆಂಟರ ಕಲ್ಲುಗಳು. ಒಂದು ಅತ್ತೆಯ ಹಣೆಗೆ ಬಿತ್ತು. ಆಮೇಲೆ ಭಾರವಾದ ಹೆಜ್ಜೆ. ಕತ್ತಿ ಬೀಸಿದ ಗಾಳಿ ನನಗೆ ಗೊತ್ತಾಯಿತು. ಚಾಪೆ ಸೀಳಿತು, ಪೆಲೆನಾಟೊವಿನ ಕಿವಿ ಹರಿದು ರಕ್ತ ನನ್ನ ಕೈಮೇಲೆ ಸುರಿಯಿತು. ಸೀಳಿನಲ್ಲಿ ಮತ್ತೆ ಮೇಲೆದ್ದ ಕತ್ತಿ ಕಾಣುತ್ತಿತ್ತು, ಅದರ ಕೆಳಗೆ ತುಯಿಲೋಮಾನ ದೊಡ್ಡ ಹೊಟ್ಟೆ.

ನಾನೇ ಚೀರಿದೆ. "ಕಡೀಬೇಡ! ನಿನ್ನ ಮಗ ಏನಂದ ಅಂತ ಇವನಿಗೆ ಗೊತ್ತು! ಇವನು ಕೇಳಿಸ್ಕೊಂಡಿದಾನೆ!"

ಕತ್ತಿ ನಿಂತಿತು. "ಏನಂದ?"

ಪೆಲೆನಾಟೊ ಬಾಯಿ ತೆರೆದ. ಮುರಿದ ದವಡೆ ಒಂದು ಕಡೆಗೆ ಜಾರಿತು, ರಕ್ತದ ಜೊತೆ ಗೊಗ್ಗರು ಸದ್ದು ಬಂತು.

"ಸರಿಯಾಗಿ ಹೇಳೋ!"

ಅವನು ತನ್ನ ಕೈಯಿಂದಲೇ ದವಡೆಯನ್ನು ಎತ್ತಿ ಹಿಡಿದುಕೊಂಡ. "ಅಪ್ಪಾ... ಹೊಟ್ಟೆ ಒಳಗೆಳ್ಕೋ... ಸಮುದ್ರಾನೇ ಕಾಣಿಸ್ತಿಲ್ಲ."

"ಇನ್ನೊಂದ್ಸಲ."

ಹೇಳಿದ.

"ಇನ್ನೊಂದ್ಸಲ ಕಣೋ."

ಹೇಳಿದ. ಈ ಸಲ ಹುಡುಗ ನಕ್ಕ ಹಾಗೆ ನಗಲೂ ನೋಡಿದ.

ತುಯಿಲೋಮಾ ನಿಂತಲ್ಲೇ ಹೊಟ್ಟೆ ಒಳಗೆಳೆದುಕೊಂಡ. ಉಸಿರು ಬಿಗಿಹಿಡಿದು ಹಾಗೇ ನಿಂತ. ಚಾಪೆಯ ಸೀಳಿನೊಳಗಿಂದ, ಅವನ ಪಕ್ಕದಲ್ಲಿ, ನಮಗೆ ಸಮುದ್ರ ಕಾಣಿಸಿತು. ಆಮೇಲೆ ಅವನು ಬಗ್ಗಿ ಚಾಪೆ ಎತ್ತಿದ.