ಕಪ್ಪಿಲ್ಲದ ವರ್ಷಗಳು

ಒರಿಸಾಬಾ ಊರಿನ ಚೌಕದಲ್ಲಿ ಬೂಟು ಪಾಲಿಶ್ ಮಾಡುವ ದೋನ್ ಎವೋದಿಯೋಗೆ ಕ್ಯಾಲೆಂಡರಿನ ಮೇಲೆ ನಂಬಿಕೆಯಿಲ್ಲ. ಮೆಕ್ಸಿಕೋದ ಫುಟ್‌ಬಾಲ್ ಕಪ್ ನಡೆದರೆ ಮಾತ್ರ ಅದು ವರ್ಷ. ಫುಟ್‌ಬಾಲ್ ಸಂಘದ ದೊಡ್ಡವರು ಕಪ್ಪನ್ನೇ ನಿಲ್ಲಿಸಿಬಿಟ್ಟ ವರ್ಷಗಳು ಅವನ ಪಾಲಿಗೆ ಬಂದೇ ಇಲ್ಲ. ಹಾಗಾಗಿ ಹಲ್ಲೆಲ್ಲ ಉದುರಿದ್ದರೂ ಅವನಿಗಿನ್ನೂ ನಲವತ್ತೊಂಬತ್ತು. "ಏನಜ್ಜಾ, ನಿನ್ ಮಗಳಿಗೇ ಐವತ್ತು ದಾಟ್ತಲ್ಲ!" ಎಂದು ಪಕ್ಕದಲ್ಲಿ ಜೋಳದ ಕಡುಬು ಮಾರುವ ಚೋನಾ ಕೆಣಕಿದರೆ, "ಅವಳಿಗೆ ಎಲ್ಲದಕ್ಕೂ ಅವಸರ ಕಣೇ," ಎನ್ನುತ್ತಾನೆ. ಬೆಟ್ಟದ ಮಂಜು ಚೌಕಕ್ಕಿಳಿದಾಗ ಯಾವುದೋ ಹಳೆಯ ಫೈನಲ್ಲಿನ ಗುಂಗಿನಲ್ಲಿ ಗಿರಾಕಿಯ ಒಂದೇ ಬೂಟನ್ನು ಎರಡೆರಡು ಸಲ ಉಜ್ಜುತ್ತಾನೆ. ಸಂಜೆ ಪೆಟ್ಟಿಗೆ ಮುಚ್ಚಿ ಎರಡು ಕಡುಬು ಕೇಳುತ್ತಾನೆ, "ಒಂದು ನನಗೆ, ಒಂದು ನನ್ ಹೆಂಡ್ತಿ ಎರ್ಮೆಲಿಂದಾಗೆ." ಆಗ ಮಾತ್ರ ಚೋನಾ ಕೆಣಕುವುದಿಲ್ಲ, ಬಿಸಿಯಾದವನ್ನೇ ಆರಿಸಿ ಕಟ್ಟುತ್ತಾಳೆ. ಎರ್ಮೆಲಿಂದಾ ತೀರಿಕೊಂಡದ್ದು ಕಪ್ ನಡೆಯದ ವರ್ಷ.